ಎಂಟು ವರ್ಷ ನಿಂತಿದ್ದ ಎಂಜಿಬಿ: ಮೊದಲ ಮೀಟ್‌ಗೆ, ಇಡೀ ದಿನದ ಓಡಾಟಕ್ಕೆ ತರಬಹುದಾ?

ಎಂಜಿಬಿ 72

ಎಲ್ಲರಿಗೂ ನಮಸ್ಕಾರ. ಇಲ್ಲಿನ ಮಾತುಕತೆ ಓದಲು ಶುರು ಮಾಡಿ ಒಂದೂವರೆ ವರ್ಷ ಆಯಿತು. ಬರೆಯುತ್ತಿರುವುದು ಇದೇ ಮೊದಲು.

ಅಪ್ಪನ 1972ರ ಎಂಜಿಬಿ, ಬ್ರಿಟನ್ನಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಈಗ ನನ್ನ ಹತ್ತಿರ ಇದೆ. ಕ್ರೋಮ್ ಬಂಪರ್, ತಂತಿ ಚಕ್ರ, ಓಪನ್ ಟಾಪ್. ಅಪ್ಪ ತೀರಿಕೊಂಡ ಮೇಲೆ ಎಂಟು ವರ್ಷ ಶೆಡ್‌ನಲ್ಲೇ ನಿಂತಿತ್ತು. ಕಳೆದ ವರ್ಷ ಬ್ರೇಕ್ ಪೂರ್ತಿ ಬಿಚ್ಚಿಸಿ ಮಾಡಿಸಿದೆ, ಟ್ಯಾಂಕ್ ತೊಳೆಸಿದೆ, ಎರಡೂ ಕಾರ್ಬೊರೇಟರ್ ಸರ್ವಿಸ್ ಆಯಿತು. ಈಗ ಎರಡನೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ.

ಆದರೆ ಇಲ್ಲಿಯವರೆಗೆ ಒಂದೇ ಸಲಕ್ಕೆ 20 ಕಿಲೋಮೀಟರ್‌ಗಿಂತ ಜಾಸ್ತಿ ಓಡಿಸಿಲ್ಲ. ಮುಂದಿನ ತಿಂಗಳ ಹಳೇ ಕಾರುಗಳ ಮೀಟ್ ಬಗ್ಗೆ ಇಲ್ಲಿ ನೋಡಿದೆ. ಬೆಳಿಗ್ಗೆ ಸೇರಿ, ಆಮೇಲೆ ಎಲ್ಲರೂ ಒಟ್ಟಿಗೆ 180 ಕಿಲೋಮೀಟರ್ ಹೋಗಿ ಬರುವುದು ಅಂತ ಇದೆ. ಬರಬೇಕು ಅಂತ ತುಂಬಾ ಆಸೆ. ಭಯವೂ ಅಷ್ಟೇ ಇದೆ. ನಡುದಾರಿಯಲ್ಲಿ ನಿಂತುಬಿಟ್ಟರೆ ನನ್ನಿಂದ ಎಲ್ಲರ ದಿನ ಹಾಳಾಗುತ್ತದೆ ಅಲ್ವಾ?

ಇನ್ನೊಂದು ಮಾತು. ಪೇಂಟ್ ಅಪ್ಪ ಬಿಟ್ಟುಹೋದ ಹಾಗೇ ಇದೆ. ಡ್ರೈವರ್ ಬಾಗಿಲಿನ ಮೇಲಂಚಿನಲ್ಲಿ, ಅವರು ಮೊಣಕೈ ಇಡುತ್ತಿದ್ದ ಜಾಗದಲ್ಲಿ, ಬಣ್ಣ ಸವೆದು ಪ್ರೈಮರ್ ಕಾಣುತ್ತದೆ. ಹೊಳೆಯುವ ಕಾರುಗಳ ಪಕ್ಕ ನಿಲ್ಲಿಸುವ ಮೊದಲು ಪೇಂಟ್ ಮಾಡಿಸಬೇಕಾ?

ಏರ್‌ಕೂಲ್ಡ್ 911

ಸ್ವಾಗತ. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ: ಬೇಡ. ಆ ಮೊಣಕೈ ಜಾಗವನ್ನಂತೂ ಮುಟ್ಟಲೇಬೇಡಿ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು. ಸವೆದ ಬಣ್ಣವನ್ನು ಒಂದು ಸಲ ಉಜ್ಜಿ ತೆಗೆದರೆ ಯಾವ ಪೇಂಟರ್ ಕೈಯಲ್ಲೂ ಅದು ವಾಪಸ್ ಬರುವುದಿಲ್ಲ. ತುಕ್ಕು ಹಿಡಿಯದ ಹಾಗೆ ಅಲ್ಲಿಗೆ ಆಗಾಗ ತೆಳ್ಳಗೆ ವ್ಯಾಕ್ಸ್ ಹಾಕಿ, ಸಾಕು.

ಈಗ ಮೊದಲನೆಯದು. ನಿಂತರೆ ನಿಲ್ಲಲಿ. ನಾವು ಓಡಿಸುವ ಪದ್ಧತಿ ಇರುವುದೇ ಅದಕ್ಕೆ. ಆರೇಳು ಕಾರಿಗೆ ಒಂದು ಗುಂಪು. ದಾರಿ ಗೊತ್ತಿರುವವರು ಎಲ್ಲರಿಗಿಂತ ಮುಂದೆ. ಪಾನಾ, ಹಗ್ಗ ಎಲ್ಲಾ ಇಟ್ಟುಕೊಂಡಿರುವ ಒಂದು ಕಾರು ಎಲ್ಲರಿಗಿಂತ ಹಿಂದೆ. ಅದನ್ನು ಬಾಲದ ಕಾರು ಅನ್ನುತ್ತೇವೆ. ತಿರುವು ಬಂದಾಗ ಮುಂದಾಳುವಿನ ಹಿಂದೆ ಇರುವ ಎರಡನೇ ಕಾರು ಅಲ್ಲೇ ಪಕ್ಕಕ್ಕೆ ನಿಂತು, ಬರುವವರಿಗೆಲ್ಲ ದಾರಿ ತೋರಿಸುತ್ತದೆ. ಬಾಲದ ಕಾರು ಕಾಣುವವರೆಗೂ ಅದು ಅಲ್ಲಿಂದ ಕದಲುವುದಿಲ್ಲ. ಕಂಡ ಮೇಲೆ ಅದರ ಮುಂದೆ ಸೇರಿಕೊಳ್ಳುತ್ತದೆ. ಮುಂದಿನ ತಿರುವಿಗೆ ಆಗ ಎರಡನೆಯದಾಗಿರುವ ಕಾರಿನ ಸರದಿ. ಹೀಗೆ ಎಲ್ಲರೂ ಸುತ್ತುತ್ತಾ ಇರುತ್ತಾರೆ. ದಾರಿ ಗೊತ್ತಿಲ್ಲದವರೂ ತಪ್ಪಿಹೋಗುವುದಿಲ್ಲ, ನಿಂತವರೂ ಒಂಟಿಯಾಗುವುದಿಲ್ಲ.

ತಿರುವು ಇಲ್ಲದ ನೇರ ದಾರಿಯಲ್ಲಿ ಇನ್ನೊಂದು ನಿಯಮ. ಪ್ರತಿಯೊಬ್ಬರಿಗೂ ತಮ್ಮ ಹಿಂದಿನ ಕಾರಿನ ಜವಾಬ್ದಾರಿ. ಕನ್ನಡಿಯಲ್ಲಿ ಅದು ಕಾಣದಿದ್ದರೆ ನಿಧಾನ ಮಾಡಬೇಕು. ಆಗ ನಿಮ್ಮ ಮುಂದಿನವರಿಗೆ ನೀವು ಕಾಣುವುದಿಲ್ಲ, ಅವರೂ ನಿಧಾನ ಮಾಡುತ್ತಾರೆ. ಎರಡು ನಿಮಿಷದಲ್ಲಿ ಸುದ್ದಿ ಮುಂದಾಳುವಿಗೆ ಮುಟ್ಟುತ್ತದೆ. ಫೋನ್ ಬೇಕಾಗಿಲ್ಲ.

ನೀವು ಮಾಡಬೇಕಾದ ಕೆಲಸ ಒಂದೇ, ಅದಕ್ಕೆ ಮೊದಲು ಗಾಡಿಯನ್ನು ಸ್ವಲ್ಪ ಸ್ವಲ್ಪವೇ ದೂರ ಓಡಿಸಿ ನೋಡುವುದು. ಅದನ್ನು ಅಜ್ಜ ಹೇಳಿದರೆ ಚೆನ್ನ.

ಸ್ಪ್ಯಾನರ್ ಅಜ್ಜ

ಹೇಳುತ್ತೇನೆ. ಇದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಪೂರ್ತಿ ಓದಿ.

20 ಕಿಲೋಮೀಟರ್ ಓಡಿದ ಗಾಡಿ ಬಿಸಿಯಲ್ಲಿ ಹೆಚ್ಚು ಹೊತ್ತು ಓಡಿರುವುದಿಲ್ಲ. ಹಳೇ ಗಾಡಿಯ ಎಷ್ಟೋ ಕಾಯಿಲೆ ಕಾಣಿಸಿಕೊಳ್ಳುವುದು ಬಿಸಿಯಲ್ಲೇ ತುಂಬಾ ಹೊತ್ತು ಓಡಿದ ಮೇಲೆ. ಅದಕ್ಕೇ ಈ ವಾರ 50, ಮುಂದಿನ ವಾರ 100, ಅದರ ಮುಂದಿನ ವಾರ ಇನ್ನೊಂದು 100 ಓಡಿಸಿ. ಪ್ರತಿ ಸಲ ಮನೆಗೆ ಬಂದ ಮೇಲೆ ಗಾಡಿ ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ರಟ್ಟಿನ ಮೇಲೆ ಏನು ಬಿದ್ದಿದೆ, ಎಲ್ಲಿ ಬಿದ್ದಿದೆ, ಯಾವ ಬಣ್ಣ, ನೋಡಿ ಬರೆದಿಡಿ.

ಮೊದಲು ಟೈರ್. ಅದರ ಮೇಲಿನ ಗೀರು ಎಷ್ಟು ಆಳ ಇದೆ ಅಂತ ನೋಡಿ ಸುಮ್ಮನಾಗಬೇಡಿ. ನಿಂತ ಗಾಡಿಯ ಟೈರ್ ಸವೆಯುವುದಿಲ್ಲ, ವಯಸ್ಸಾಗುತ್ತದೆ. ಪಕ್ಕದಲ್ಲಿ ಇಂಗ್ಲಿಷ್‌ನಲ್ಲಿ ಡಾಟ್ (DOT) ಅಂತ ಬರೆದಿರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2314 ಅಂತ ಇದ್ದರೆ 2014ನೇ ಇಸವಿಯ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ನೋಡಲು ಎಷ್ಟೇ ಹೊಸದಾಗಿದ್ದರೂ ಬದಲಾಯಿಸಿ. ಸ್ಟೆಪ್ನಿಯನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಎರಡನೆಯದು ಪೆಟ್ರೋಲ್ ಪೈಪ್. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ. 1972ರ ರಬ್ಬರ್ ಅದಕ್ಕೆ ತಡೆಯುವುದಿಲ್ಲ, ಒಳಗಿಂದ ಮೆತ್ತಗಾಗಿ ಬಿರುಕು ಬಿಡುತ್ತದೆ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. ಪೈಪನ್ನು ಬೆರಳಲ್ಲಿ ಬಗ್ಗಿಸಿ, ಮೂಗಿನ ಹತ್ತಿರ ಹಿಡಿಯಿರಿ. ವಾಸನೆ ಬಂದರೆ ಅವತ್ತೇ ಬದಲಾಯಿಸಿ. ಆರ್9 ಗುರುತಿನ ಪೈಪ್ ಎಥನಾಲ್‌ಗೆ ತಡೆಯುತ್ತದೆ. ಕಾರ್ಬೊರೇಟರ್ ಕೆಳಗೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ, ಅಲ್ಲಿ ಪೆಟ್ರೋಲ್ ಬಿದ್ದರೆ ಬೆಂಕಿ ಹತ್ತಬಹುದು. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಜಾಗದಲ್ಲಿರಲಿ, ಡಿಕ್ಕಿಯಲ್ಲಿ ಬೇಡ.

ಬ್ರೇಕ್ ಮಾಡಿಸಿದ್ದೀರಿ, ಒಳ್ಳೆಯದು. ಆಯಿಲ್ ಯಾವಾಗ ಹಾಕಿದ್ದು ನೆನಪಿಡಿ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಅದೇ ಲೆಕ್ಕ 155ಕ್ಕೆ ಇಳಿಯಬಹುದು. ಉದ್ದದ ಇಳಿಜಾರಿನಲ್ಲಿ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುವುದು ಆಗಲೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಇಳಿಜಾರಿನಲ್ಲಿ ಗೇರ್ ಕೆಳಗೆ ಹಾಕಿ, ಎಂಜಿನ್ ಗಾಡಿಯನ್ನು ಹಿಡಿಯಲಿ.

ಆಮೇಲೆ ಪಂಪ್. ಎಂಜಿಬಿಯ ಪೆಟ್ರೋಲ್ ಪಂಪ್, ಎಸ್‌ಯು ಕಂಪನಿಯದು, ಹಿಂದೆ, ಬಲಗಡೆ, ಬಾಡಿ ಕೆಳಗೆ ಇದೆ. ಕೀ ತಿರುಗಿಸಿದ ತಕ್ಷಣ ಟಕಟಕ ಅಂತ ಜೋರಾಗಿ ಹೊಡೆದುಕೊಳ್ಳುತ್ತದೆ. ಕಾರ್ಬೊರೇಟರ್ ತುಂಬಿದ ಮೇಲೆ ನಿಧಾನವಾಗಿ ಸುಮ್ಮನಾಗುತ್ತದೆ. ಆ ಸದ್ದು ಕಿವಿಗೆ ರೂಢಿ ಮಾಡಿಕೊಳ್ಳಿ. ಸುಮ್ಮನಾಗದೆ ಹೊಡೆದುಕೊಳ್ಳುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ ಅಥವಾ ಪೆಟ್ರೋಲ್ ಖಾಲಿ. ಸದ್ದೇ ಇಲ್ಲದಿದ್ದರೆ ಒಳಗಿನ ಪಾಯಿಂಟ್ ಅಂಟಿಕೊಂಡಿರುತ್ತದೆ. ಸುತ್ತಿಗೆ ಹಿಡಿಯಿಂದ ಪಂಪ್ ಮೈಗೆ ಮೆಲ್ಲಗೆ ಎರಡು ಏಟು ಕೊಟ್ಟರೆ ಹೊರಡುತ್ತದೆ. ಮನೆಗೆ ಹೋಗುವಷ್ಟು ಓಡುತ್ತದೆ, ಆಮೇಲೆ ರಿಪೇರಿ ಮಾಡಿಸಲೇಬೇಕು.

ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕಾದದ್ದು: ಫ್ಯಾನ್ ಬೆಲ್ಟ್, ಪಾಯಿಂಟ್ಸ್, ಕಂಡೆನ್ಸರ್, ರೋಟರ್ (ಮೂರೂ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನವು), ಒಂದು ಪ್ಲಗ್, ಫ್ಯೂಸ್, ತಂತಿ, ಟೇಪ್, ನೀರು. ನಿಮ್ಮದು ತಂತಿ ಚಕ್ರ ಅಂದಿರಿ, ಹಾಗಾದರೆ ಚಕ್ರದ ನಡುವಿನ ನಟ್ ಹೊಡೆದು ಬಿಚ್ಚಲು ತಾಮ್ರದ ಸುತ್ತಿಗೆಯೂ ಬೇಕು. ಎಡ ಬಲ ನಟ್ ತಿರುಗುವ ದಿಕ್ಕು ಬೇರೆ ಬೇರೆ. ಬಿಚ್ಚುವ ದಿಕ್ಕು ಅದರ ಮೇಲೇ ಬರೆದಿರುತ್ತದೆ, ಓದದೆ ಹೊಡೆಯಬೇಡಿ.

ಎಂಜಿಬಿ 72

ಅಜ್ಜಾ, ಇದನ್ನು ಪ್ರಿಂಟ್ ತೆಗೆದು ಶೆಡ್ ಗೋಡೆಗೆ ಅಂಟಿಸಿದೆ. ಟೈರ್ ನೋಡಿದೆ. ನಾಲ್ಕೂ ಚಕ್ರದ್ದು ಹೊಸದೇ. ಸ್ಟೆಪ್ನಿ ಮೇಲೆ ನಾಲ್ಕು ಅಂಕಿಯೇ ಇಲ್ಲ, ಮೂರೇ ಇದೆ.

ಸ್ಪ್ಯಾನರ್ ಅಜ್ಜ

ಮೂರು ಅಂಕಿ ಇದ್ದರೆ 2000ಕ್ಕಿಂತ ಮೊದಲಿನದು. ಇವತ್ತೇ ತೆಗೆಸಿ.

240ಝಡ್

ಎಲ್ಲರೂ ಬನ್ನಿ ಬನ್ನಿ ಅನ್ನುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನನ್ನದು 1971ರ ಡಾಟ್ಸನ್. ಆರು ವರ್ಷ ಕೂತು ಸರಿ ಮಾಡಿದ್ದೇನೆ. ಹಿಂದಿನ ಗಾಜಿನ ಸುತ್ತಲಿನ ಒಂದು ಪಟ್ಟಿ ಹುಡುಕುವುದಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು. ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಓಡಾಟದಲ್ಲಿ ಮುಂದಿನ ಗಾಡಿಯ ಚಕ್ರದಿಂದ ಹಾರಿದ ಕಲ್ಲು ಮುಂಭಾಗದ ಗಾಜಿಗೆ ಬಿತ್ತು, ಹೆಡ್‌ಲೈಟ್ ಪಕ್ಕದ ಬಣ್ಣವೂ ಹೋಯಿತು. ಅವತ್ತಿನಿಂದ ಮೀಟ್‌ಗೆ ಟ್ರೈಲರ್ ಮೇಲೆ ತರುತ್ತೇನೆ, ನಿಲ್ಲಿಸುತ್ತೇನೆ, ಜನ ನೋಡುತ್ತಾರೆ, ವಾಪಸ್ ಒಯ್ಯುತ್ತೇನೆ. ಹಳೇ ಗಾಡಿಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಏನು ಹೇಳುತ್ತದೆ? ಕನಿಷ್ಠ 30 ವರ್ಷ ಹಳೆಯದಿರಬೇಕು, ಮೂಲ ಸ್ಥಿತಿಗೆ ತಕ್ಕ ಹಾಗೆ ಕಾಪಾಡಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸಬಾರದು. ಉಳಿಸಿಕೊಳ್ಳುವುದೂ ಒಂದು ಕೆಲಸವೇ. ಎಂಜಿಬಿ ಐದು ಲಕ್ಷಕ್ಕಿಂತ ಜಾಸ್ತಿ ತಯಾರಾಗಿದೆ, ಭಾಗಗಳು ಸುಲಭವಾಗಿ ಸಿಗುತ್ತವೆ. ಎಲ್ಲಾ ಗಾಡಿಗೂ ಆ ಅದೃಷ್ಟ ಇಲ್ಲ.

ಏರ್‌ಕೂಲ್ಡ್ 911

ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ದಿನಾ ಓಡಿಸಬಾರದು, ಸರಿ. ಆದರೆ ಅದೇ ಫಿವಾ ಹೇಳಿಕೊಳ್ಳುವ ಗುರಿ ನಿನ್ನೆಯ ಗಾಡಿಗಳು ನಾಳೆಯ ರಸ್ತೆಯಲ್ಲಿರಬೇಕು ಅನ್ನುವುದು. ರಸ್ತೆಯಲ್ಲಿ ಅಂದಿದ್ದಾರೆ, ಟ್ರೈಲರ್ ಮೇಲೆ ಅಂದಿಲ್ಲ.

ನಿಲ್ಲಿಸಿದರೆ ಗಾಡಿ ಉಳಿಯುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಸೀಲ್ ಒಣಗುತ್ತದೆ. ಬ್ರೇಕ್ ಸಿಲಿಂಡರ್ ಜಾಮ್ ಆಗುತ್ತದೆ. ಟ್ಯಾಂಕ್ ಒಳಗೆ ತುಕ್ಕು. ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ಅಂಟಿಕೊಳ್ಳುತ್ತದೆ. ಲಂಡನ್‌ನಿಂದ ಬ್ರೈಟನ್‌ವರೆಗೆ ಪ್ರತಿ ವರ್ಷ ಓಡುವ ಗಾಡಿಗಳನ್ನು ನೋಡಿ. 1896ರ ಮೊದಲ ಓಟದ ನೆನಪಿಗೆ 1927ರಿಂದ ನಡೆಯುತ್ತಿದೆ. 1905ಕ್ಕಿಂತ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ ಪ್ರವೇಶ. ನವೆಂಬರ್ ಚಳಿಯಲ್ಲಿ, ಎಷ್ಟೋ ಸಲ ಮಳೆಯಲ್ಲಿ, ಸುಮಾರು 96 ಕಿಲೋಮೀಟರ್ ಹೋಗುತ್ತವೆ. ಅದು ರೇಸ್ ಅಲ್ಲ, ಮುಟ್ಟಿದರೆ ಸಾಕು. ನೂರು ವರ್ಷ ದಾಟಿದ ಗಾಡಿ ರಸ್ತೆಗಿಳಿಯುತ್ತದೆ ಅಂದರೆ 1971ರ ಡಾಟ್ಸನ್ ಏಕೆ ಇಳಿಯಬಾರದು?

ಕಲ್ಲಿನ ಮಾತು ಮಾತ್ರ ನಿಜ. ತಪ್ಪು ನಮ್ಮದೇ, ಆಗ ತುಂಬಾ ಹತ್ತಿರ ಹತ್ತಿರ ಹೋಗುತ್ತಿದ್ದೆವು. ಈಗ ಅಂತರ ಜಾಸ್ತಿ ಮಾಡಿದ್ದೇವೆ. ಜಲ್ಲಿ ಇರುವ ದಾರಿಯನ್ನು ಮುಂಚೆಯೇ ನೋಡಿ ಬಿಟ್ಟುಬಿಡುತ್ತೇವೆ.

ಪಕ್ಕದ ಸೀಟು

ನನ್ನ ಹೆಸರಲ್ಲಿ ಯಾವ ಕಾರೂ ಇಲ್ಲ. ನಮ್ಮ ಮನೆಯವರ ಆಲ್ಫಾ ಸ್ಪೈಡರ್‌ನಲ್ಲಿ ಪಕ್ಕದಲ್ಲಿ ಕೂತು ಹನ್ನೊಂದು ವರ್ಷ ಆಯಿತು. ಇಲ್ಲಿ ಯಾವಾಗಲೂ ಕಾರಿನ ಮಾತೇ, ಪಕ್ಕದಲ್ಲಿ ಕೂತವರ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೆ ನಾನೇ ಬರೆಯುತ್ತೇನೆ.

ಎಂಜಿಬಿಯವರೇ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ. ಸುಮ್ನೆ ಕೂರಿಸಬೇಡಿ, ಕೆಲಸ ಕೊಡಿ. ನಮ್ಮ ಓಡಾಟದಲ್ಲಿ ಪ್ರತಿ ಕಾರಿಗೂ ಒಂದು ದಾರಿಪುಸ್ತಕ ಕೊಡುತ್ತಾರೆ. ಅದರಲ್ಲಿ ಇರುವುದು ಟುಲಿಪ್ ಚಿತ್ರಗಳು. ನೆದರ್‌ಲ್ಯಾಂಡ್ಸ್‌ನ ಟುಲಿಪ್ ರ‍್ಯಾಲಿಯಿಂದ ಆ ಹೆಸರು ಬಂತು. ಒಂದು ಚುಕ್ಕಿ, ಒಂದು ಬಾಣ. ಚುಕ್ಕಿ ಇರುವಲ್ಲಿ ನೀವಿದ್ದೀರಿ, ಬಾಣ ತೋರಿಸುವ ಕಡೆ ಹೋಗಬೇಕು. ಬೇರೆ ರಸ್ತೆಗಳು ಸುಮ್ಮನೆ ಗೆರೆ. ಪಕ್ಕದಲ್ಲಿ ಎಷ್ಟು ಕಿಲೋಮೀಟರ್ ಅಂತ ಇರುತ್ತದೆ. ಮೊದಲ ಹತ್ತು ನಿಮಿಷ ತಲೆ ಕೆಡುತ್ತದೆ, ಆಮೇಲೆ ಫೋನಿನ ಮ್ಯಾಪ್ ಬೇಡ ಅನ್ನಿಸುತ್ತದೆ.

1955ರ ಮಿಲ್ಲೆ ಮಿಲ್ಯಾ ರೇಸ್ ನೆನಪಿಸಿಕೊಳ್ಳಿ. ಬ್ರಿಟನ್ನಿನ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್‌ನಲ್ಲಿ ಇಟಲಿಯ ಬ್ರೆಶಾದಿಂದ ರೋಮ್‌ಗೆ ಹೋಗಿ ವಾಪಸ್ ಬಂದರು. ಸುಮಾರು 1,600 ಕಿಲೋಮೀಟರ್, 10 ಗಂಟೆ 7 ನಿಮಿಷ 48 ಸೆಕೆಂಡು. ಪಕ್ಕದಲ್ಲಿ ಡೆನಿಸ್ ಜೆಂಕಿನ್ಸನ್ ಕೂತಿದ್ದರು. ದಾರಿಯ ಪ್ರತಿ ತಿರುವನ್ನೂ ಬರೆದ ಕಾಗದದ ಸುರುಳಿ ಒಂದು ಡಬ್ಬಿಯೊಳಗೆ, ಅದನ್ನು ತಿರುಗಿಸುತ್ತಾ ಕೈಸನ್ನೆಯಲ್ಲಿ ಹೇಳುತ್ತಿದ್ದರು. ಆ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಕಾರಿನ ಮೇಲಿನ ನಂಬರ್ 722, ಅಂದರೆ ಹೊರಟ ಸಮಯ ಬೆಳಿಗ್ಗೆ 7 ಗಂಟೆ 22 ನಿಮಿಷ. ಪಕ್ಕದ ಸೀಟಿನವರು ಇಲ್ಲದೆ ಆ ಸಮಯ ಬರುತ್ತಿರಲಿಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತದೆ.

ಓಪನ್ ಕಾರಿನಲ್ಲಿ ಬರುವವರಿಗೆ ಒಂದೆರಡು ಮಾತು. ಬಿಸಿಲಿದ್ದರೂ ಜಾಕೆಟ್ ತನ್ನಿ, ಗಾಳಿಗೆ ಗಂಟೆಯೊಳಗೆ ಮೈ ತಣ್ಣಗಾಗುತ್ತದೆ. ಟೋಪಿಗೆ ಗಲ್ಲದ ಕೆಳಗೆ ಪಟ್ಟಿ ಇರಲಿ. ಬಿಸಿಲು ಹೊಡೆಯುವುದು ಗೊತ್ತೇ ಆಗುವುದಿಲ್ಲ, ಸಂಜೆ ಕಿವಿ ತುದಿ ಉರಿಯಲು ಶುರುವಾದಾಗಲೇ ಗೊತ್ತಾಗುವುದು. ಕಾಗದ ಏನಿದ್ದರೂ ಕ್ಲಿಪ್ ಹಾಕಿದ ಹಲಗೆಗೆ ಸಿಕ್ಕಿಸಿ.

ಎನ್‌ಎ ಮಿಯಾಟಾ

ಬಾಲದ ಕಾರು ನನ್ನದು. 1991ರ ಮಾಜ್ಡಾ ಮಿಯಾಟಾ, ಹೆಡ್‌ಲೈಟ್ ಮೇಲೆದ್ದು ಬರುವ ಮೊದಲ ಮಾದರಿ. ಮೊದಮೊದಲು ಮೀಟ್‌ನಲ್ಲಿ ಇದನ್ನು ಕ್ಲಾಸಿಕ್ ಅಂತ ಒಪ್ಪಿಕೊಳ್ಳುತ್ತಿರಲಿಲ್ಲ. ನನಗೆ ಬೇಜಾರಾಗುತ್ತಿತ್ತು. 1989ರಲ್ಲಿ ಈ ಕಾರು ಬಂದಾಗ ಹಗುರವಾದ ಎರಡು ಸೀಟಿನ ಓಪನ್ ಕಾರು ಮಾಡುವವರು ಹೆಚ್ಚು ಕಮ್ಮಿ ಯಾರೂ ಉಳಿದಿರಲಿಲ್ಲ. ಎಂಜಿಬಿಯೂ ಅದರಂಥದ್ದೇ ಟ್ರಯಂಫ್ ಸ್ಪಿಟ್‌ಫೈರೂ 1980ಕ್ಕೇ ನಿಂತುಹೋಗಿದ್ದವು. ಆ ರುಚಿಯನ್ನು ಉಳಿಸಿದ್ದು ಇದು. 2016ರಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಈಗ ಇದಕ್ಕೂ 30 ದಾಟಿದೆ, ಯಾರೂ ಏನೂ ಕೇಳುವುದಿಲ್ಲ.

ನಾನು ಬಾಲದಲ್ಲಿ ಇರುವುದನ್ನು ಇಷ್ಟಪಟ್ಟು ಆರಿಸಿಕೊಂಡಿದ್ದೇನೆ. ಹಿಂದಿನಿಂದ ನೋಡಿದರೆ ಇಡೀ ಸಾಲು ಕಾಣುತ್ತದೆ. ದೊಡ್ಡ ತಿರುವಿನಲ್ಲಿ ಒಂದೊಂದೇ ಕಾರು ವಾಲಿ ಎದ್ದು ಹೋಗುವುದು ಮುಂದಿರುವವರಿಗೆ ಕಾಣುವುದೇ ಇಲ್ಲ. ಯಾವ ಕಾರು ಹೊಗೆ ಬಿಡುತ್ತಿದೆ, ಯಾರ ಬ್ರೇಕ್ ಲೈಟ್ ಹತ್ತುತ್ತಿಲ್ಲ, ಯಾರು ಭಯದಿಂದ ಓಡಿಸುತ್ತಿದ್ದಾರೆ, ಎಲ್ಲಾ ಗೊತ್ತಾಗುತ್ತದೆ. ಎಂಜಿಬಿಯವರೇ, ಮೊದಲ ಸಲ ನನ್ನ ಮುಂದೆಯೇ ಇರಿ. ನಿಮ್ಮ ಸ್ಪೀಡು ಎಷ್ಟೋ ನನ್ನದೂ ಅಷ್ಟೇ.

ಎಂಜಿಬಿ 72

ಇದು ಓದಿ ನಿಜಕ್ಕೂ ಧೈರ್ಯ ಬಂತು. ಮಗಳಿಗೆ ಹದಿಮೂರು, ದಾರಿಪುಸ್ತಕ ತಾನೇ ಹಿಡಿಯುತ್ತೇನೆ ಅಂತ ಹೊರಟಿದ್ದಾಳೆ. 50 ಕಿಲೋಮೀಟರ್ ಓಡಿಸಿ ಬಂದೆವು. ರಟ್ಟಿನ ಮೇಲೆ ಕಪ್ಪು ಹನಿ ನಾಲ್ಕು, ಎಂಜಿನ್ ಹಿಂಭಾಗದ ಕೆಳಗೆ. ಒಂದು ತೊಂದರೆ: ಆಕ್ಸಿಲರೇಟರ್ ದಿಢೀರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ.

ಇನ್ನೊಂದು ಕೇಳಬೇಕಿತ್ತು. ಮೀಟ್‌ನಲ್ಲಿ ಹೇಗಿರಬೇಕು? ನನಗೆ ಯಾರೂ ಪರಿಚಯ ಇಲ್ಲ.

ಸ್ಪ್ಯಾನರ್ ಅಜ್ಜ

ಹಿಂಭಾಗದಲ್ಲಿ ನಾಲ್ಕು ಹನಿ ಆ ಎಂಜಿನ್‌ಗೆ ಸಹಜ. ಲೆವೆಲ್ ನೋಡುತ್ತಿರಿ. ಮುಗ್ಗರಿಸುವುದಕ್ಕೆ ಕಾರ್ಬೊರೇಟರ್ ಮೇಲಿನ ಚಿಕ್ಕ ಮುಚ್ಚಳ ಎರಡನ್ನೂ ತಿರುಗಿಸಿ ಮೇಲೆತ್ತಿ. ಅದಕ್ಕೆ ಒಂದು ಕಡ್ಡಿ ಅಂಟಿಕೊಂಡಿರುತ್ತದೆ. ವಾಪಸ್ ಇಳಿಸುವಾಗ ಆಯಿಲ್ ತಡೆದು ಕೈಗೆ ಸ್ವಲ್ಪ ಭಾರ ಸಿಗಬೇಕು. ಸಲೀಸಾಗಿ ಇಳಿದರೆ ಒಳಗೆ ಆಯಿಲ್ ಇಲ್ಲ. ತೆಳು ಆಯಿಲ್ ಸ್ವಲ್ಪ ಸ್ವಲ್ಪ ಹಾಕಿ.

ಎಂಜಿಬಿ 72

ಎರಡರಲ್ಲೂ ಒಂದು ಹನಿ ಇರಲಿಲ್ಲ! ಹಾಕಿದೆ. ಬೇರೆಯದೇ ಕಾರು ಓಡಿಸಿದ ಹಾಗಾಯಿತು.

ಏರ್‌ಕೂಲ್ಡ್ 911

ಮೀಟ್‌ನಲ್ಲಿ ಹೇಗಿರಬೇಕು ಅಂದರೆ, ಕಾರಿನ ಹತ್ತಿರವೇ ಇರಿ, ಬಾನೆಟ್ ತೆಗೆದಿಡಿ. ಮುಚ್ಚಿದ ಬಾನೆಟ್ ನೋಡಿ ಜನ ಮುಂದೆ ಹೋಗುತ್ತಾರೆ, ತೆಗೆದ ಬಾನೆಟ್ ಹತ್ತಿರ ನಿಲ್ಲುತ್ತಾರೆ. ಬೇರೆಯವರ ಕಾರನ್ನು ಕೇಳದೆ ಮುಟ್ಟಬಾರದು, ಒರಗಬಾರದು. ಜೀನ್ಸ್ ಜೇಬಿನ ಚಿಕ್ಕ ಲೋಹದ ಗುಂಡಿ ಒಂದು ಗೆರೆ ಎಳೆದರೆ ಸಾಕು. ಆದರೆ ಮಕ್ಕಳು ಬಂದು ಆಸೆಯಿಂದ ನೋಡುತ್ತಾ ನಿಂತರೆ ಸ್ಟೀರಿಂಗ್ ಹಿಂದೆ ಕೂರಿಸಿ. ನಾನು ತಪ್ಪದೆ ಕೂರಿಸುತ್ತೇನೆ. ನನ್ನ ಪೋರ್ಷೆ 911ಕ್ಕೆ ಮೊದಲು 901 ಅಂತ ಹೆಸರಿಟ್ಟಿದ್ದರು, ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತನ್ನದು ಅಂತ ಪ್ಯೂಜೊ ತಕರಾರು ತೆಗೆಯಿತು, ಅದಕ್ಕೆ ಬದಲಾಯಿಸಿದರು ಅಂತ ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ.

ನನ್ನ ಮೊದಲ ಮೀಟ್‌ನ ಒಂದು ವಿಷಯ ಹೇಳಬೇಕು. ಎಂಜಿನ್ ಆಫ್ ಮಾಡಿ ಆಯಿಲ್ ಕಡ್ಡಿ ತೆಗೆದೆ, ಒಣಗಿತ್ತು. ಗಾಬರಿಯಾಗಿ ಡಬ್ಬಿ ಮುಚ್ಚಳ ತೆಗೆದು ಸುರಿಯಲು ಹೊರಟೆ. ಪಕ್ಕದ ಕಾರಿನ ಹಿರಿಯರೊಬ್ಬರು ಓಡಿ ಬಂದು ಕೈ ಹಿಡಿದರು. ನನ್ನ ಕಾರಿನ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ, ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರುವಾಗ, ಸಮತಟ್ಟು ಜಾಗದಲ್ಲಿ ನೋಡಬೇಕು ಅಂತ ತೋರಿಸಿಕೊಟ್ಟರು. ಸ್ಟಾರ್ಟ್ ಮಾಡಿ ನೋಡಿದರೆ ಲೆವೆಲ್ ಸರಿಯಾಗೇ ಇತ್ತು. ಅವತ್ತು ಅವರು ಇಲ್ಲದಿದ್ದರೆ ಎಂಜಿನ್‌ಗೆ ಎರಡು ಲೀಟರ್ ಜಾಸ್ತಿ ಆಯಿಲ್ ಹೋಗುತ್ತಿತ್ತು. ಪರಿಚಯ ಹೀಗೇ ಆಗುವುದು.

ಒಂದೇ ಒಂದು ವಿಷಯಕ್ಕೆ ನಾನು ಕಟ್ಟುನಿಟ್ಟು. ಹೊರಡುವಾಗ ಸದ್ದು ಮಾಡಬಾರದು. ಎಂಜಿನ್ ಅಬ್ಬರಿಸುವುದು, ಟೈರ್ ಉಜ್ಜಿ ಹೊಗೆ ಎಬ್ಬಿಸುವುದು ಬೇಡ. ನಾಲ್ಕು ವರ್ಷ ನಾವು ಸೇರುತ್ತಿದ್ದ ಒಂದು ಒಳ್ಳೆಯ ಜಾಗ ಹೋದದ್ದು ಇಬ್ಬರು ಹೀಗೆ ಮಾಡಿದ್ದಕ್ಕೆ. ಅಕ್ಕಪಕ್ಕದ ಮನೆಯವರು ಬಾಗಿಲು ತೆಗೆದು ಹೊರಗೆ ಬಂದು ನಿಂತರು. ಅವರ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಮುಂದಿನ ತಿಂಗಳು ಅಲ್ಲಿ ಗೇಟ್ ಹಾಕಿತ್ತು. ಅವರದ್ದೇನೂ ತಪ್ಪಿಲ್ಲ.

240ಝಡ್

ಈ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ. ಇನ್ನೊಂದು ಕೇಳುತ್ತೇನೆ. ಅಂತರ ಜಾಸ್ತಿ ಮಾಡಿದ್ದೇವೆ ಅಂದಿರಲ್ಲ, ಎಷ್ಟು?

ಎನ್‌ಎ ಮಿಯಾಟಾ

ಮುಂದಿನ ಕಾರು ಒಂದು ಕಂಬ ದಾಟಿದ ಮೇಲೆ ನಾಲ್ಕು ಸೆಕೆಂಡ್ ಎಣಿಸಿದಾಗ ನೀವು ಅದೇ ಕಂಬ ದಾಟಬೇಕು. ಒದ್ದೆ ರಸ್ತೆಯಾದರೆ ಇನ್ನೂ ಜಾಸ್ತಿ. ಬೇರೆ ಗಾಡಿಗಳು ನಡುವೆ ನುಗ್ಗಿದರೆ ನುಗ್ಗಲಿ, ತಿರುವಿನಲ್ಲಿ ಹೇಗೂ ಒಬ್ಬರು ಕಾಯುತ್ತಿರುತ್ತಾರೆ.

240ಝಡ್

ಸರಿ. ಯೋಚನೆ ಮಾಡುತ್ತೇನೆ.

ಎಂಜಿಬಿ 72

ಹೋಗಿ ಬಂದೆವು. ನಿನ್ನೆ ರಾತ್ರಿ ಬರೆಯಲು ಆಗಲಿಲ್ಲ, ಮನೆಗೆ ಬಂದವರೇ ಮಲಗಿಬಿಟ್ಟೆವು.

ಬೆಳಿಗ್ಗೆ ಆರೂವರೆಗೆ ಹೊರಟೆವು. ಸೇರುವ ಜಾಗಕ್ಕೆ ಹೋದಾಗ ಆಗಲೇ ಹದಿನೇಳು ಕಾರು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದೆ ತಡವರಿಸುತ್ತಿದ್ದಾಗ 911ನವರು ಕೈ ಮಾಡಿ ತಮ್ಮ ಪಕ್ಕ ಕರೆದರು. ಬಾನೆಟ್ ತೆಗೆದೆ. ಐದು ನಿಮಿಷಕ್ಕೆ ನಾಲ್ಕು ಜನ ತಲೆ ಬಗ್ಗಿಸಿ ನೋಡುತ್ತಿದ್ದರು. ಒಬ್ಬರು ಬಾಗಿಲ ಮೇಲಿನ ಸವೆದ ಜಾಗ ನೋಡಿ, ಮುಟ್ಟಬಹುದಾ ಅಂತ ಕೇಳಿದರು. ಅಪ್ಪ ಎಷ್ಟು ಎತ್ತರ ಇದ್ದರು ಅಂತಲೂ ಕೇಳಿದರು. ಉತ್ತರ ಹೇಳುವಾಗ ಗಂಟಲು ಕಟ್ಟಿತು.

ಮೊದಲ ನೂರು ಕಿಲೋಮೀಟರ್ ಏನೂ ತೊಂದರೆ ಇಲ್ಲ. ಮಗಳು ಚುಕ್ಕಿ, ಬಾಣ, 2.4, ಎಡಕ್ಕೆ ಅಂತ ಕೂಗುತ್ತಿದ್ದಳು. ಎರಡು ಸಲ ತಿರುವಿನಲ್ಲಿ ನಿಂತು ದಾರಿ ತೋರಿಸುವ ಸರದಿ ನಮಗೂ ಬಂತು. ಒಂದೊಂದೇ ಕಾರು ನಮ್ಮ ಮುಂದೆ ತಿರುಗಿ ಹೋಗುವುದು, ಪ್ರತಿಯೊಬ್ಬರೂ ಕೈ ಬೀಸುವುದು. ಮಗಳು ಸೀಟಿನ ಮೇಲೆ ಎದ್ದು ನಿಂತು ಎರಡೂ ಕೈಯಿಂದ ತೋರಿಸಿದಳು. ಇಡೀ ದಿನದಲ್ಲಿ ಅವಳಿಗೆ ಜಾಸ್ತಿ ಇಷ್ಟವಾದದ್ದು ಅದೇ ಅಂತೆ.

ಊಟ ಮುಗಿಸಿ ಹೊರಟ ಮೇಲೆ ಮಿಸ್ಸಿಂಗ್ ಶುರುವಾಯಿತು. ಮೊದಲು ಏರು ಹತ್ತುವಾಗ ಮಾತ್ರ, ಆಮೇಲೆ ಸಮ ದಾರಿಯಲ್ಲೂ. ಒಂದು ಸೇತುವೆ ದಾಟಿದ ಮೇಲೆ ಪೂರ್ತಿ ನಿಂತಿತು. ಪಕ್ಕಕ್ಕೆ ತೆಗೆದುಕೊಂಡು ಕೀ ತಿರುಗಿಸಿದೆ. ಹಿಂದೆ ಪಂಪ್ ಟಕಟಕ ಅಂದು ಸುಮ್ಮನಾಯಿತು. ಅಂದರೆ ಪೆಟ್ರೋಲ್ ಬರುತ್ತಿದೆ. ಅಷ್ಟು ಹೊತ್ತಿಗೆ ಮಿಯಾಟಾ ಹಿಂದೆ ಬಂದು ನಿಂತಿತ್ತು.

ಅವರು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ನನ್ನನ್ನೇ ನೋಡಲು ಹೇಳಿದರು. ಮಗಳು ಸೆಲ್ಫ್ ಹೊಡೆದಳು. ಪಾಯಿಂಟ್ಸ್ ತೆರೆದಾಗಲೆಲ್ಲ ನಡುವೆ ದಪ್ಪ ನೀಲಿ ಕಿಡಿ. ಅಲ್ಲಿ ಅಷ್ಟು ಕಿಡಿ ಹಾರಬಾರದು, ಕಂಡೆನ್ಸರ್ ಹೋಗಿದೆ ಅಂದರು. ಹೊಸದೇ ಹಾಕಿಸಿದ್ದೆ, ನಾಲ್ಕು ತಿಂಗಳಾಗಿತ್ತು. ನನ್ನ ಡಬ್ಬಿಯಲ್ಲಿದ್ದದ್ದೂ ಅದೇ ಅಂಗಡಿಯದು. ಮಿಯಾಟಾದವರು ತಮ್ಮ ಡಬ್ಬಿಯಿಂದ ಹಳೆಯದೊಂದು ಕೊಟ್ಟರು, ಎಂದೋ ಒಂದು ಗಾಡಿಯಿಂದ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಒಂದೇ ಸ್ಕ್ರೂ. ಕೈ ನಡುಗಿ ಆ ಸ್ಕ್ರೂ ಒಳಗೆ ಬಿತ್ತು. ಮಗಳ ಸಣ್ಣ ಬೆರಳು ಕೆಲಸಕ್ಕೆ ಬಂತು. ಪಾಯಿಂಟ್ಸ್ ನಡುವಿನ ಸಂದು ಫೀಲರ್ ಗೇಜ್‌ನಲ್ಲಿ ಅಳೆದು 0.38 ಮಿಲಿಮೀಟರ್ ಇಟ್ಟು ಮುಚ್ಚಳ ಹಾಕಿದೆವು. ಮೊದಲ ಸೆಲ್ಫ್‌ಗೇ ಹೊಡೆದುಕೊಂಡಿತು.

ಒಟ್ಟು ಇಪ್ಪತ್ತೈದು ನಿಮಿಷ. ಮುಂದಿನ ತಿರುವಿಗೆ ಹೋದರೆ ಅಲ್ಲಿ ದಾರಿ ತೋರಿಸಲು ಒಂದು ಕಾರು ಅಷ್ಟು ಹೊತ್ತೂ ಕಾಯುತ್ತಾ ನಿಂತಿತ್ತು. ಕೇಸರಿ ಬಣ್ಣದ ಡಾಟ್ಸನ್ 240ಝಡ್.

ಏರ್‌ಕೂಲ್ಡ್ 911

ನಾನೂ ಅವರನ್ನು ಬೆಳಿಗ್ಗೆ ನೋಡಿ ಏನೂ ಕೇಳಲಿಲ್ಲ. ಟ್ರೈಲರ್ ಇರಲಿಲ್ಲ.

240ಝಡ್

ಮನೆಯಿಂದಲೇ ಓಡಿಸಿಕೊಂಡು ಬಂದೆ. ಮುಂದಿನ ಬಂಪರ್ ಕೆಳಗೆ ಒಂದು ಚಿಕ್ಕ ಕಲ್ಲೇಟು ಬಿದ್ದಿದೆ. ಅಕ್ಕಿ ಕಾಳಿನಷ್ಟು. ಬಣ್ಣ ಹಚ್ಚಬೇಕು.

ಆ ತಿರುವಿನಲ್ಲಿ ಇಪ್ಪತ್ತೈದು ನಿಮಿಷ ಒಬ್ಬನೇ ನಿಂತಿದ್ದೆ. ಎಂಜಿನ್ ಆಫ್ ಮಾಡಿದ್ದೆ. ಬಾನೆಟ್ ಕೆಳಗೆ ಲೋಹ ತಣ್ಣಗಾಗುತ್ತಾ ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು. ಆ ಸದ್ದು ಕೇಳಿ ಮೂರು ವರ್ಷ ಆಗಿತ್ತು. ಟ್ರೈಲರ್‌ನಿಂದ ಇಳಿದ ಕಾರಿನಿಂದ ಅದು ಬರುವುದಿಲ್ಲ.

ಮಳೆ ಬಂದರೆ ಮಾತ್ರ ಈಗಲೂ ತರುವುದಿಲ್ಲ.

ಸ್ಪ್ಯಾನರ್ ಅಜ್ಜ

ಎಂಜಿಬಿಯವರೇ, ಮೂರು ಕೆಲಸ ಬಾಕಿ ಇದೆ. ಆ ಹಳೇ ಕಂಡೆನ್ಸರನ್ನೇ ಬಿಡಿ, ಚೆನ್ನಾಗಿ ಓಡುತ್ತಿರುವುದನ್ನು ಬದಲಾಯಿಸಬೇಡಿ. ಡಬ್ಬಿಯಲ್ಲಿರುವ ಹೊಸದನ್ನು ಗಾಡಿಗೆ ಹಾಕಿ ಒಂದು ಗಂಟೆ ಓಡಿಸಿ ನೋಡದೆ ಸ್ಪೇರ್ ಅಂತ ನಂಬಬೇಡಿ. ಬೇರೆ ಕಡೆಯದ್ದು ಇನ್ನೊಂದು ಇಟ್ಟುಕೊಳ್ಳಿ. ಮಗಳಿಗೆ ಒಂದು ಪುಟ್ಟ ಸ್ಕ್ರೂ ಡ್ರೈವರ್ ಕೊಡಿಸಿ, ಮ್ಯಾಗ್ನೆಟ್ ಇರುವುದು.

ಪಕ್ಕದ ಸೀಟು

ಅವಳಿಗೆ ನನ್ನ ಕಡೆಯಿಂದ ಕ್ಲಿಪ್ ಹಲಗೆ. ಮುಂದಿನ ಸಲ ತರುತ್ತೇನೆ.

ಸ್ಪಿಟ್‌ಫೈರ್ ಇನ್ನೂ ಶೆಡ್‌ನಲ್ಲಿ

ಎಲ್ಲರಿಗೂ ನಮಸ್ಕಾರ. ಇದನ್ನೆಲ್ಲಾ ಮೊದಲಿನಿಂದ ಓದಿದೆ. ನನ್ನದು 1976ರ ಸ್ಪಿಟ್‌ಫೈರ್, ಎರಡು ವರ್ಷದಿಂದ ನಿಂತಿದೆ. ಈಗ ತಾನೇ ಟಾರ್ಚ್ ಹಿಡಿದು ಶೆಡ್‌ಗೆ ಹೋಗಿ ಟೈರ್ ನೋಡಿ ಬಂದೆ. 4108 ಅಂತ ಇದೆ. ಐದೂ ಬದಲಾಯಿಸಿ, ಪೈಪ್ ಹಾಕಿಸಿ, 50, 100 ಓಡಿಸಿದ ಮೇಲೆ ಬರಬಹುದಾ? ಜಾಗ ಇದೆಯಾ?

ಎನ್‌ಎ ಮಿಯಾಟಾ

ಇದೆ. ನನ್ನ ಮುಂದೆಯೇ.